ಬಿಸಿಲಿಗೆ ಕಪ್ಪಾದ ಬ್ರಿಕ್ ಗೇಮ್

ರಾಯಚೂರಿನ ಬೇಸಿಗೆಗೆ ಪರಿಚಯ ಬೇಕಿಲ್ಲ. ಮೇ ತಿಂಗಳು ಬಂತೆಂದರೆ ಪಾದರಸ ನಲವತ್ತು ಡಿಗ್ರಿಯ ಗೆರೆ ದಾಟಿ ಅಲ್ಲೇ ಮೊಕ್ಕಾಂ ಹೂಡುತ್ತದೆ. ತೊಂಬತ್ತರ ದಶಕದ ಅಂಥದ್ದೊಂದು ಮಧ್ಯಾಹ್ನ, ಕೃಷ್ಣೆಯ ದಂಡೆಯ ಶಕ್ತಿನಗರದ ಕಾಲೊನಿಯಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದಾರೆ. ಮಗನಿಗೆ ಶಾಲೆಯ ರಜೆ. ದೇವಸೂಗೂರಿನ ಜಾತ್ರೆಯಲ್ಲಿ ಹಟ ಹಿಡಿದು ಕೊಡಿಸಿಕೊಂಡ ಬ್ರಿಕ್ ಗೇಮನ್ನು ಕಿಟಕಿಯ ಕಟ್ಟೆಯ ಮೇಲೆ ಬಿಟ್ಟು ಆತ ಊಟಕ್ಕೆ ಹೋಗಿದ್ದಾನೆ. ಮರಳಿ ಬಂದು ನೋಡಿದರೆ ಪರದೆಯ ತುಂಬ ಮಸಿ ಬಳಿದಂತೆ ಕಪ್ಪು. ಗುಂಡಿ ಒತ್ತಿದರೆ ಸದ್ದೇನೋ ಬರುತ್ತಿದೆ, ಚಿತ್ರ ಮಾತ್ರ ಇಲ್ಲ.

'ಅಪ್ಪಾ, ಆಟ ಸತ್ತು ಹೋತು!'

ನಿದ್ದೆಗಣ್ಣಿನಲ್ಲೇ ಅಪ್ಪ ಆಟಿಕೆಯನ್ನು ಮುಟ್ಟಿ ನೋಡುತ್ತಾರೆ. 'ಸತ್ತಿಲ್ಲಪ, ಬಿಸಿಲು ಬಡದದ ಅದಕ್ಕ. ನೀರಿನ ಕೊಡದ ಬಾಜೂಕ ನೆಳ್ಳಾಗ ಇಡು, ತಣ್ಣಗಾಗ್ಲಿ.'

ಅರ್ಧ ಗಂಟೆಯಲ್ಲಿ ಕಪ್ಪು ತಾನಾಗಿ ಕರಗುತ್ತದೆ. ಬೂದು ಬಣ್ಣದ ಪರದೆ ಮರಳುತ್ತದೆ, ಇಟ್ಟಿಗೆಗಳು ಮತ್ತೆ ಉದುರತೊಡಗುತ್ತವೆ. ಹುಡುಗನ ಮಟ್ಟಿಗೆ ಅದು ಪುನರ್ಜನ್ಮ. ವಿಜ್ಞಾನದ ಮಟ್ಟಿಗೆ ಅದು ನೂರು ವರ್ಷಕ್ಕೂ ಹಳೆಯ ಒಂದು ಸಂಗತಿಯ ಪುನರಾವರ್ತನೆ. ಅಂಗೈಯಗಲದ ಆ ಪರದೆ ಯಾಕೆ ಕಪ್ಪಾಯಿತು, ಯಾಕೆ ತಿಳಿಯಾಯಿತು ಎಂಬುದನ್ನು ಬಿಡಿಸುತ್ತ ಹೋದರೆ ಟೋಕಿಯೊ, ಪ್ರಾಗ್, ಮಾಸ್ಕೊ ಸುತ್ತಿ ಬೆಂಗಳೂರಿಗೇ ಬಂದು ನಿಲ್ಲಬೇಕಾಗುತ್ತದೆ.

ಈ ಆಟಗಳು ಹುಟ್ಟಿದ್ದು ಅಂಗೈಯಲ್ಲಲ್ಲ, ಆಳೆತ್ತರದ ಪೆಟ್ಟಿಗೆಗಳಲ್ಲಿ. 1978ರಲ್ಲಿ ಜಪಾನಿನ ಟೈಟೊ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ 'ಸ್ಪೇಸ್ ಇನ್ವೇಡರ್ಸ್' ರೂಪಿಸಿದರು. ಹನ್ನೊಂದರಂತೆ ಐದು ಸಾಲು, ಒಟ್ಟು 55 ಶತ್ರುಗಳು ಮೇಲಿನಿಂದ ಇಳಿಯುತ್ತವೆ. ಕೆಳಗಿನಿಂದ ಆಟಗಾರ ಗುಂಡು ಹಾರಿಸಬೇಕು. ಶತ್ರುಗಳು ಸಾಯುತ್ತ ಹೋದಂತೆ ಉಳಿದವು ಚುರುಕಾಗುತ್ತವೆ. ಇದನ್ನು ಯಾರೂ ಮೊದಲೇ ಯೋಜಿಸಿರಲಿಲ್ಲ. ಚಿತ್ರ ಬಿಡಿಸುವ ಕೆಲಸ ಕಡಿಮೆಯಾದಷ್ಟೂ ಕಂಪ್ಯೂಟರಿನ ವೇಗ ಹೆಚ್ಚುತ್ತಿತ್ತು, ಅಷ್ಟೆ. ನಿಶಿಕಾಡೊ ಅದನ್ನು ಹಾಗೆಯೇ ಉಳಿಸಿಕೊಂಡರು. 1980ರಲ್ಲಿ ತೊರು ಇವತಾನಿಯವರ 'ಪ್ಯಾಕ್‌ಮ್ಯಾನ್' ಬಂತು, ಮರುವರ್ಷ 'ಡಾಂಕಿ ಕಾಂಗ್'. ಎಲ್ಲಕ್ಕೂ ಟೀವಿಯಂಥದೇ ಭಾರವಾದ ಗಾಜಿನ ಕೊಳವೆ, ಗೋಡೆಯ ಪ್ಲಗ್ಗಿನಿಂದ ಕರೆಂಟು, ಪ್ರತಿ ಆಟಕ್ಕೂ ನಾಣ್ಯ. ದೊಡ್ಡ ನಗರಗಳ ವಿಡಿಯೊ ಪಾರ್ಲರುಗಳಿಗೆ ಹೋಗಿ ಬರುವ ಅನುಕೂಲ ಇದ್ದವರಿಗಷ್ಟೇ ಅದು ಎಟುಕುವ ಆಟ.

ಪೆಟ್ಟಿಗೆಯನ್ನು ಕುಗ್ಗಿಸಬೇಕೆಂದರೆ ಮೊದಲು ಪರದೆಯನ್ನು ಕುಗ್ಗಿಸಬೇಕು. ಅದೇ ಕಷ್ಟದ ಕೆಲಸ. ಅಮೆರಿಕದ ಮ್ಯಾಟೆಲ್ ಕಂಪನಿ 1976ರಲ್ಲಿ 'ಆಟೊ ರೇಸ್' ಎಂಬ ಕೈಯಾಟಿಕೆ ತಂದಾಗ ಅದರಲ್ಲಿ ಚಿತ್ರವೇ ಇರಲಿಲ್ಲ. ಕೆಂಪು ಎಲ್‌ಇಡಿ ಗೀಟುಗಳೇ ಕಾರುಗಳು. ಆಮೇಲೆ ಕೊಲೆಕೊ ಕಂಪನಿ ಪ್ಯಾಕ್‌ಮ್ಯಾನ್, ಡಾಂಕಿ ಕಾಂಗ್‌ಗಳನ್ನು ಮೇಜಿನ ಮೇಲಿಡುವ ಪುಟ್ಟ ಪೆಟ್ಟಿಗೆಗಳಿಗೆ ಇಳಿಸಿತು. ಮೂಲ ಯಂತ್ರದ ಪಡಿಯಚ್ಚಿನಂಥ ಆ ಪೆಟ್ಟಿಗೆಗಳ ಪರದೆ ನೀಲಿ ಹಸಿರಾಗಿ ಹೊಳೆಯುತ್ತಿತ್ತು. ಹಳೆಯ ವಿಸಿಆರ್‌ಗಳಲ್ಲಿ ಗಡಿಯಾರದ ಅಂಕಿಗಳು ಹೊಳೆಯುತ್ತಿದ್ದವಲ್ಲ, ಅದೇ ಜಾತಿಯದು. ನೋಡಲು ಬಲು ಚಂದ, ಆದರೆ ಒಳಗೊಂದು ತಂತಿ ಸದಾ ಕಾಯುತ್ತಿರಬೇಕು. ನಾಲ್ಕು ದಪ್ಪ ಸೆಲ್ಲುಗಳೂ ಅದಕ್ಕೆ ಬಹಳ ದಿನ ಸಾಲವು.

ಕಿಸೆಗೆ ಹಿಡಿಸುವ ಉತ್ತರ ಬಂದದ್ದು ಆಟದ ಲೋಕದಿಂದಲ್ಲ, ಲೆಕ್ಕದ ಲೋಕದಿಂದ. 1973ರಲ್ಲಿ ಜಪಾನಿನ ಶಾರ್ಪ್ ಕಂಪನಿ ಎಲ್‌ಸಿಡಿ, ಅಂದರೆ ದ್ರವಸ್ಫಟಿಕದ ಪರದೆಯುಳ್ಳ ಕಿಸೆ ಕ್ಯಾಲ್ಕುಲೇಟರ್ ಮಾರಿತು. ಒಂದೇ ಸೆಲ್ಲಿನಲ್ಲಿ ಅದು ನೂರು ಗಂಟೆ ನಡೆಯುತ್ತಿತ್ತು. ಶಾರ್ಪ್ ಮತ್ತು ಕ್ಯಾಸಿಯೊ ನಡುವಿನ ಪೈಪೋಟಿಯಲ್ಲಿ ಇಂಥ ಪರದೆಗಳ ಬೆಲೆ ಕುಸಿಯಿತು. ನಿಂಟೆಂಡೊ ಕಂಪನಿಯ ಗುನ್‌ಪೆ ಯೊಕೊಯ್ ಒಮ್ಮೆ ಬುಲೆಟ್ ರೈಲಿನಲ್ಲಿ ಹೋಗುತ್ತಿದ್ದಾಗ ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತ ಕೂತ ಪ್ರಯಾಣಿಕನೊಬ್ಬನನ್ನು ಕಂಡರಂತೆ. ಅಲ್ಲಿಂದ ಹೊಳೆದದ್ದು 1980ರ 'ಗೇಮ್ ಆಂಡ್ ವಾಚ್': ಆಟವೂ ಹೌದು, ಗಡಿಯಾರವೂ ಹೌದು. ಹೊಸ ತಂತ್ರಜ್ಞಾನದ ಬೆನ್ನು ಹತ್ತಬೇಡಿ, ಹಳೆಯದಾಗಿ ಅಗ್ಗವಾದದ್ದನ್ನು ಹೊಸ ಕೆಲಸಕ್ಕೆ ಹಚ್ಚಿ ಎಂಬುದು ಯೊಕೊಯ್ ಅವರ ಸೂತ್ರ. 1991ರವರೆಗೆ ಆ ಸರಣಿಯ ನಾಲ್ಕು ಕೋಟಿಗೂ ಹೆಚ್ಚು ಆಟಿಕೆಗಳು ಮಾರಾಟವಾದವು.

ಅಷ್ಟು ಕಡಿಮೆ ಸೆಲ್ಲಿನಲ್ಲಿ ನಡೆಯುವ ಗುಟ್ಟೇನು? ಈ ಪರದೆ ಬೆಳಕನ್ನು ತಯಾರಿಸುವುದೇ ಇಲ್ಲ. ಇರುವ ಬೆಳಕನ್ನು ಬೇಕಾದಲ್ಲಿ ತಡೆಯುತ್ತದೆ, ಅಷ್ಟೆ. ಎರಡು ಗಾಜುಗಳ ನಡುವೆ ಕೂದಲೆಳೆಯ ಹತ್ತನೇ ಒಂದು ಪಾಲಿನಷ್ಟು ಸಂದು. ಅದರಲ್ಲಿ ದ್ರವಸ್ಫಟಿಕ. ಅದರ ಕಡ್ಡಿಯಂಥ ಅಣುಗಳು ಮಿನಾರಿನ ಸುತ್ತು ಮೆಟ್ಟಿಲಿನಂತೆ ಒಂದರ ಮೇಲೊಂದು ತಿರುಗುತ್ತ ಕಾಲು ಸುತ್ತು ಹಾಕಿ ನಿಂತಿರುತ್ತವೆ. ಗಾಜಿನ ಮೇಲೊಂದು, ಕೆಳಗೊಂದು ಪೋಲರಾಯ್ಡ್ ಹಾಳೆ. ಇವು ಕಿಟಕಿಯ ಸರಳುಗಳಿದ್ದಂತೆ: ಒಂದರ ಸರಳು ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ. ಉದ್ದ ಸರಳಿನಲ್ಲಿ ತೂರಿದ ಬೆಳಕು ಅಡ್ಡ ಸರಳಿನಲ್ಲಿ ತೂರಲಾರದು. ಆದರೆ ನಡುವಿನ ಸುತ್ತು ಮೆಟ್ಟಿಲು ಬೆಳಕನ್ನೂ ಕಾಲು ಸುತ್ತು ತಿರುಗಿಸಿ ದಾಟಿಸಿಬಿಡುತ್ತದೆ. ಹಿಂದಿನ ಹೊಳಪು ಹಾಳೆಗೆ ತಾಗಿ ಅದೇ ದಾರಿಯಲ್ಲಿ ಮರಳುತ್ತದೆ. ಪರದೆ ಬೂದಾಗಿ ಕಾಣುತ್ತದೆ. ಚಿತ್ರವಿರುವ ಕಡೆ ಚೂರು ವಿದ್ಯುತ್ತು ಕೊಟ್ಟರೆ ಅಣುಗಳು ನೆಟ್ಟಗೆ ನಿಲ್ಲುತ್ತವೆ, ಮೆಟ್ಟಿಲು ಮಾಯ, ಬೆಳಕಿಗೆ ತಡೆ. ಅಷ್ಟು ಜಾಗ ಕಪ್ಪು. ಅದೇ ಕಾರು, ಅದೇ ಇಟ್ಟಿಗೆ.

ಅಣುಗಳನ್ನು ನಿಲ್ಲಿಸಲು ಬೇಕಾದ ವಿದ್ಯುತ್ತು ಎಷ್ಟು ಅಲ್ಪ ಎಂಬುದನ್ನು ಶಕ್ತಿನಗರದಲ್ಲಿ ನಿಂತೇ ಅಳೆಯಬೇಕು. ಇಲ್ಲಿನ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಶುರುವಾದದ್ದು 1985ರಲ್ಲಿ, 210 ಮೆಗಾವಾಟ್. ಮುಂದೆ ಎಂಟು ಘಟಕಗಳಾಗಿ ಒಟ್ಟು ಸಾಮರ್ಥ್ಯ 1720 ಮೆಗಾವಾಟ್‌ಗೆ ಏರಿತು. ಅಂಥದ್ದೊಂದು ಮೊದಲ ಘಟಕ ಪೂರ್ಣ ಬಲದಲ್ಲಿ ಒಂದೇ ಒಂದು ಸೆಕೆಂಡು ಉತ್ಪಾದಿಸುವ ವಿದ್ಯುತ್ತು, ಗೇಮ್ ಆಂಡ್ ವಾಚ್‌ನಂಥ ಲಕ್ಷಕ್ಕೂ ಹೆಚ್ಚು ಆಟಿಕೆಗಳ ಬಟನ್ ಸೆಲ್ಲುಗಳಲ್ಲಿ ಇರುವಷ್ಟಕ್ಕೆ ಸಮ. ಒಂದೊಂದು ಜೋಡಿ ಸೆಲ್ಲಿನಲ್ಲೂ ಆಟ ತಿಂಗಳುಗಟ್ಟಲೆ ನಡೆಯುತ್ತದೆ. ವ್ಯಾಗನ್ನುಗಟ್ಟಲೆ ಕಲ್ಲಿದ್ದಲು ಸುಡುವ ಊರಿನ ಮಗುವಿನ ಕೈಯಲ್ಲಿ ಇದ್ದದ್ದು ಮಿತವ್ಯಯದ ಪಾಠವೇ.

ಮಿತವ್ಯಯಕ್ಕೆ ಬೆಲೆಯೂ ಇತ್ತು. ದೊಡ್ಡ ಯಂತ್ರದಲ್ಲಿ ಶತ್ರು ಎಲ್ಲಿಗೆ ಬೇಕಾದರೂ ಚಲಿಸಬಲ್ಲ. ಎಲ್‌ಸಿಡಿ ಆಟಿಕೆಯಲ್ಲಿ ಅವನು ನಿಲ್ಲಬಹುದಾದ ಪ್ರತಿ ಜಾಗದ ಚಿತ್ರವನ್ನೂ ಮೊದಲೇ ಗಾಜಿನಲ್ಲಿ ಕೊರೆದಿರಬೇಕು. ಆದ್ದರಿಂದಲೇ ಅಲ್ಲಿನ ಕೋತಿ, ಕಾರು, ಮನುಷ್ಯರೆಲ್ಲ ನಡೆಯುವುದಿಲ್ಲ, ಕಪ್ಪೆಯಂತೆ ಜಾಗದಿಂದ ಜಾಗಕ್ಕೆ ಹಾರುತ್ತಾರೆ. ಪರದೆಯನ್ನು ಓರೆ ಹಿಡಿದು ನೋಡಿದರೆ ಇನ್ನೂ ಮೂಡದ ಚಿತ್ರಗಳೂ ಮಸುಕಾಗಿ ಕಾಣುತ್ತವೆ. ಜಾತ್ರೆಯ ಬ್ರಿಕ್ ಗೇಮ್ ಇದಕ್ಕೊಂದು ಉಪಾಯ ಕಂಡುಕೊಂಡಿತು. ಹತ್ತು ಅಡ್ಡ, ಇಪ್ಪತ್ತು ಉದ್ದ, ಒಟ್ಟು ಇನ್ನೂರು ಚೌಕ. ಅವನ್ನೇ ಜೋಡಿಸಿದರೆ ಕಾರು, ಟ್ಯಾಂಕು, ಹಾವು, ಏನು ಬೇಕಾದರೂ ಆದೀತು. ಡಬ್ಬಿಯ ಮೇಲೆ '9999 ಆಟ' ಎಂದು ಅಚ್ಚಾಗಿದ್ದರೂ ಇದ್ದದ್ದು ಬೆರಳೆಣಿಕೆಯ ಆಟಗಳು. ವೇಗ, ಹಂತ ಬದಲಿಸಿ ಎಣಿಸಿದ ಲೆಕ್ಕವದು. ಅದರ ಮುಖ್ಯ ಆಟ 'ಟೆಟ್ರಿಸ್' 1984ರಲ್ಲಿ ಮಾಸ್ಕೊದ ಅಲೆಕ್ಸಿ ಪಾಜಿಟ್ನೊವ್ ಅವರಿಂದ ಹುಟ್ಟಿದ್ದು. ಅವರ ಬಳಿ ಇದ್ದ ಕಂಪ್ಯೂಟರಿಗೆ ಚಿತ್ರ ಬಿಡಿಸಲೂ ಬಾರದು, ಅಕ್ಷರ ಚಿಹ್ನೆಗಳಲ್ಲೇ ಇಟ್ಟಿಗೆ ಮಾಡಿದ್ದರು. ಬಡ ಪರದೆಯ ಮೇಲೆ ಹುಟ್ಟಿದ ಆಟ ಇನ್ನೊಂದು ಬಡ ಪರದೆಗೆ ಸಲೀಸಾಗಿ ಒಗ್ಗಿತು. 1997ರಲ್ಲಿ ನೋಕಿಯಾ 6110 ಫೋನಿನೊಳಗೆ ಹಾವಿನ ಆಟ ಸೇರಿಕೊಂಡದ್ದೂ ಇದೇ ದಾರಿಯಲ್ಲಿ.

ಈಗ ಕಿಟಕಿಯ ಕಟ್ಟೆಗೆ ಮರಳಬಹುದು. 1888ರಲ್ಲಿ ಪ್ರಾಗ್‌ನ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಜರ್ ಒಂದು ವಿಚಿತ್ರ ಗಮನಿಸಿದರು. ಅವರು ಕಾಯಿಸುತ್ತಿದ್ದ ಕೊಲೆಸ್ಟೆರಾಲ್ ಮೂಲದ ವಸ್ತು ಎರಡು ಸಲ ಕರಗುತ್ತಿತ್ತು. 145 ಡಿಗ್ರಿಯ ಸುಮಾರಿಗೆ ಕರಗಿ ಮಜ್ಜಿಗೆಯಂತೆ ಮೋಡ ಮೋಡ. 178 ಡಿಗ್ರಿ ದಾಟಿದರೆ ನೀರಿನಂತೆ ತಿಳಿ. ನಡುವಿನ ಆ ಮೋಡದ ಸ್ಥಿತಿಯೇ ದ್ರವಸ್ಫಟಿಕ: ದ್ರವದಂತೆ ಹರಿಯುತ್ತದೆ, ಸ್ಫಟಿಕದಂತೆ ಸಾಲು ಹಿಡಿಯುತ್ತದೆ. ಆಟಿಕೆಯೊಳಗಿನ ಮಿಶ್ರಣಕ್ಕೂ ಇಂಥ ಮೇಲಿನ ಗಡಿಯೊಂದಿದೆ. ಅಗ್ಗದ ಪರದೆಗಳಲ್ಲಿ ಅದು ಸುಮಾರು 60 ಡಿಗ್ರಿ. ನಲವತ್ತೆರಡು ಡಿಗ್ರಿಯ ದಿನ ಬಣ್ಣದ ಪ್ಲಾಸ್ಟಿಕ್ ಡಬ್ಬಿಯನ್ನು ನೇರ ಬಿಸಿಲಿಗಿಟ್ಟರೆ ಆ ಗಡಿ ದಾಟುವುದು ಕಷ್ಟವಲ್ಲ. ದಾಟಿದೊಡನೆ ಅಣುಗಳು ಸಾಲು ಬಿಟ್ಟು ಚೆಲ್ಲಾಪಿಲ್ಲಿ. ಸುತ್ತು ಮೆಟ್ಟಿಲು ಕುಸಿಯುತ್ತದೆ, ಬೆಳಕನ್ನು ತಿರುಗಿಸುವವರಿಲ್ಲ, ಇಡೀ ಪರದೆ ಕಪ್ಪು. ನೀರಿನ ಕೊಡದ ಪಕ್ಕ ತಣ್ಣಗಾದರೆ ಸಾಲು ತಾನಾಗಿ ಕೂಡಿಕೊಳ್ಳುತ್ತದೆ. ರಾತ್ರಿ ಪಾಳಿಯ ಅಪ್ಪ ಹೇಳಿದ್ದು ಅಕ್ಷರಶಃ ಸರಿ.

ಆ ಪರದೆಗೆ ಇನ್ನೊಂದು ಊನವೂ ಇತ್ತು. ಒಂದು ಆಟಿಕೆಯ ಸುತ್ತ ಕಾಲೊನಿಯ ನಾಲ್ಕು ಮಕ್ಕಳು ಮುತ್ತಿದರೆ ನೆಟ್ಟಗೆ ಕೂತವನಿಗೆ ಮಾತ್ರ ಚಿತ್ರ ಸ್ಪಷ್ಟ. ಎಡಬಲದವರಿಗೆ ಬರೀ ಬೂದು. ಕಡ್ಡಿ ಅಣುಗಳ ಮೆಟ್ಟಿಲು ಓರೆಯಿಂದ ಬರುವ ಬೆಳಕನ್ನು ಸರಿಯಾಗಿ ತಿರುಗಿಸದು. ಇದಕ್ಕೆ ಮದ್ದಾಗಿ ಒದಗಿದ ಅಣುವಿನ ಬಗೆ ಪತ್ತೆಯಾದದ್ದು ಬೆಂಗಳೂರಿನಲ್ಲಿ. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್, ಕಡ್ಡಿಯಂತಲ್ಲದೆ ಬಿಲ್ಲೆಯಂತಿರುವ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು ತೋರಿಸಿದರು. ಹೋಟೆಲಿನ ಕೌಂಟರಿನಲ್ಲಿ ಪೇರಿಸಿಟ್ಟ ತಟ್ಟೆಗಳಂತೆ ಅವು ಕಂಬವಾಗಿ ನಿಲ್ಲುತ್ತವೆ. ತೊಂಬತ್ತರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಇಂಥ ಬಿಲ್ಲೆ ಅಣುಗಳ ಹಾಳೆಯನ್ನು ಪರದೆಗೆ ಅಂಟಿಸಿತು. ಓರೆಯಿಂದ ನೋಡಿದರೂ ಚಿತ್ರ ಮಾಸದಂತಾಯಿತು. ಕಂಪ್ಯೂಟರುಗಳ ಎಷ್ಟೋ ತೆಳು ಪರದೆಗಳು ಆ ಹಾಳೆಯನ್ನು ಹೊತ್ತು ಬಂದವು.

ಈ ಚಂದ್ರಶೇಖರ್ ನೊಬೆಲ್ ಪಡೆದ ಖಗೋಳ ವಿಜ್ಞಾನಿಯಲ್ಲ. ಸಿ.ವಿ. ರಾಮನ್ ಅವರ ಸೋದರಳಿಯ, ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ವಿಭಾಗ ಕಟ್ಟಿದವರು. 1991ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ದ್ರವಸ್ಫಟಿಕ ಸಂಶೋಧನಾ ಕೇಂದ್ರವನ್ನು ಆರಂಭಿಸಿದರು. 2004ರಲ್ಲಿ ತೀರಿಕೊಂಡರು. ಅದೇ ರಾಜ್ಯದ ಇನ್ನೊಂದು ತುದಿಯಲ್ಲಿ ಮಕ್ಕಳು ಆಟಿಕೆಯನ್ನು ಓರೆ ಹಿಡಿದು 'ನನಗ ಕಾಣವಲ್ದು' ಎಂದು ಜಗಳವಾಡುತ್ತಿದ್ದಾಗ, ಅವರ ತಕರಾರಿಗೆ ಉತ್ತರವಾಗುವ ಅಣು ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ಆಗಲೇ ಸಿಕ್ಕಾಗಿತ್ತು.

ಬಿಸಿಲಿನ ಕಪ್ಪು ಮರಳಿ ತಿಳಿಯಾಗುತ್ತದೆ. ವಯಸ್ಸಿನ ಕಪ್ಪು ತಾನಾಗಿ ಆಗದು. ವರ್ಷಗಳು ಕಳೆದಂತೆ ಪೋಲರಾಯ್ಡ್ ಹಾಳೆ ಹಳದಿಗಟ್ಟಿ ಗುಳ್ಳೆಯೇಳುತ್ತದೆ. ಬಿಟ್ಟ ಸೆಲ್ಲು ಸೋರಿ ಸ್ಪ್ರಿಂಗು ಹಸಿರು ಹಿಡಿಯುತ್ತದೆ. ಸರ್ಕ್ಯೂಟಿನಿಂದ ಗಾಜಿಗೆ ಹೋಗುವ ಪಟ್ಟಿ ಸಡಿಲಾಗಿ ಒಂದೊಂದೇ ಸಾಲು ಮಾಯವಾಗುತ್ತದೆ. ಇಷ್ಟಕ್ಕೆಲ್ಲ ಉಪಾಯವಿದೆ. ಹಾಳೆಯನ್ನು ಕಿತ್ತು ಹೊಸದನ್ನು ಅಂಟಿಸಬಹುದು, ಹಸಿರನ್ನು ಉಜ್ಜಿ ತೆಗೆಯಬಹುದು, ಪಟ್ಟಿಯನ್ನು ಹಿತವಾದ ಬಿಸಿಯಲ್ಲಿ ಒತ್ತಿ ಕೂರಿಸಬಹುದು. ಗಾಜು ಒಡೆದರೆ ಮಾತ್ರ ಉಪಾಯವಿಲ್ಲ. ಚಿತ್ರ ಕೊರೆದ ಆಟಿಕೆಗಳಲ್ಲಿ ಪರದೆ ಬೇರೆ, ಆಟ ಬೇರೆ ಅಲ್ಲ. ಶತ್ರು, ಸೇತುವೆ, ಏಣಿ ಎಲ್ಲ ಇರುವುದು ಆ ಗಾಜಿನಲ್ಲೇ. ದೊಡ್ಡ ಯಂತ್ರದ ಆಟವನ್ನು ಇನ್ನೊಂದು ಕಂಪ್ಯೂಟರಿಗೆ ನಕಲಿಸಿ ಉಳಿಸಬಹುದು. ಇದನ್ನು ಉಳಿಸಬೇಕಾದರೆ ಗಾಜಿನ ಚಿತ್ರವನ್ನೂ ತೆಗೆದಿಡಬೇಕು. ಹವ್ಯಾಸಿಗಳ ಗುಂಪುಗಳು ಈಗ ಅದನ್ನೇ ಮಾಡುತ್ತಿವೆ. ಆಟಿಕೆಯನ್ನು ಬಿಚ್ಚಿ, ಗಾಜನ್ನು ಸ್ಕ್ಯಾನ್ ಮಾಡಿ, ಚಿಪ್ಪಿನೊಳಗಿನ ಸೂಚನೆಗಳನ್ನು ಓದಿ ತೆಗೆಯುತ್ತಾರೆ. ಕೆಲವೊಮ್ಮೆ ಒಂದು ಆಟವನ್ನು ಉಳಿಸಲು ಒಂದು ಆಟಿಕೆಯನ್ನೇ ಬಲಿಕೊಡಬೇಕಾಗುತ್ತದೆ. 2020ರಲ್ಲಿ ನಿಂಟೆಂಡೊ ಗೇಮ್ ಆಂಡ್ ವಾಚ್ ಹೆಸರಿನಲ್ಲಿ ಹೊಸ ಆಟಿಕೆ ತಂದಿತು. ಅದರದು ಬಣ್ಣದ ಪರದೆ. ಕೊರೆದ ಗಾಜು ಅಲ್ಲಿಲ್ಲ.

ಆದ್ದರಿಂದ ಅಟ್ಟದ ಟ್ರಂಕಿನಲ್ಲೋ ಷೋಕೇಸಿನ ಮೂಲೆಯಲ್ಲೋ ಅಂಥದ್ದೊಂದು ಡಬ್ಬಿ ಇದ್ದರೆ ಗುಜರಿಗೆ ಹಾಕುವ ಮೊದಲು ಒಮ್ಮೆ ಕೈಗೆತ್ತಿಕೊಳ್ಳಿ. ಹಳೆಯ ಸೆಲ್ಲು ತೆಗೆದು ಹೊಸದು ಹಾಕಿ. ಪರದೆ ಕಪ್ಪಾಗಿದ್ದರೆ ಅವಸರಪಟ್ಟು ಎಸೆಯಬೇಡಿ. ಮೊದಲು ನೆರಳಿನಲ್ಲಿಟ್ಟು ನೋಡಿ.