ಮಂಗಳೂರಿನ ಸಂಬಳ, ಮಂಜೇಶ್ವರದ ಮನೆ: ನಡುವಿನ ದಾರಿಗೆ ಬೆಲೆ ಎಷ್ಟು?

ಕಾಸರಗೋಡು: ಮಂಗಳೂರಿನಲ್ಲಿ ಹದಿನೇಳು ಸಾವಿರವೋ, ಊರಲ್ಲೇ ಹನ್ನೆರಡು ಸಾವಿರವೋ? ಡಿಗ್ರಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ, ಕುಂಬಳೆಯಿಂದ ತಲಪಾಡಿಯವರೆಗೆ, ಈ ಪ್ರಶ್ನೆ ಒಂದಲ್ಲ ಒಂದು ದಿನ ಊಟದ ಹೊತ್ತಿಗೆ ಬಂದೇ ಬರುತ್ತದೆ. ಹಿರಿಯರು ಸಾಮಾನ್ಯವಾಗಿ ಮಂಗಳೂರಿನ ಕಡೆಗೇ ವಾಲುತ್ತಾರೆ. ಸಂಬಳ ಹೆಚ್ಚು, ಹೆಸರೂ ಇದೆ, ಮದುವೆ ಮಾತುಕತೆಯಲ್ಲಿ ಹೇಳಿಕೊಳ್ಳಲಿಕ್ಕೂ ಚೆನ್ನ. ದಾರಿಯ ಲೆಕ್ಕ ಹಾಕುವವರು ಕಡಿಮೆ. ಗಡಿಯ ಲೆಕ್ಕ ಹಾಕುವವರು ಇನ್ನೂ ಕಡಿಮೆ.

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ದೇಶದ ದೊಡ್ಡ ನಗರಗಳಲ್ಲಿ ದಿನಾ ಇಷ್ಟು ದೂರ ಓಡಾಡುವವರು ಲಕ್ಷಗಟ್ಟಲೆ ಇದ್ದಾರೆ, ಅದರಲ್ಲೇನೂ ವಿಶೇಷವಿಲ್ಲ. ವಿಶೇಷ ಇರುವುದು ತಲಪಾಡಿಯಲ್ಲಿ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದಿತು, ಅದು ಕಾಗದದಲ್ಲೇ ಉಳಿಯಿತು. ಆದರೆ ಇಲ್ಲಿನ ಜನರ ಆಸ್ಪತ್ರೆ, ಕಾಲೇಜು, ಸಂತೆ, ನೆಂಟಸ್ತಿಕೆ ಎಲ್ಲವೂ ಮಂಗಳೂರಿನ ಜೊತೆಗೇ ಇತ್ತು, ಈಗಲೂ ಇದೆ. ಕೆಲಸವೂ ಅದೇ ದಾರಿ ಹಿಡಿದದ್ದು ಸಹಜ.

ಗಂಟೆಗೆ ಹದಿನೇಳು ರೂಪಾಯಿ

ಒಂದು ಲೆಕ್ಕ ಹಾಕಿ ನೋಡೋಣ. ಉದಾಹರಣೆಗೆ ಮಾತ್ರ, ಮೊತ್ತಗಳನ್ನು ಅವರವರ ಮನೆಗೆ ಸರಿಯಾಗಿ ಬದಲಾಯಿಸಿಕೊಳ್ಳಬಹುದು. ಕುಂಬಳೆಯ ಒಬ್ಬ ಬಿ.ಕಾಂ. ಹುಡುಗಿಗೆ ಮಂಗಳೂರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ 17,000 ರೂ., ಕುಂಬಳೆಯಲ್ಲೇ ಅಂಥದೇ ಕೆಲಸಕ್ಕೆ 12,000 ರೂ. ಎಂದಿಟ್ಟುಕೊಳ್ಳೋಣ. ವ್ಯತ್ಯಾಸ 5,000. ಬಸ್ಸಿನಲ್ಲಿ ಹೋಗಿಬರಲು, ಸ್ಟ್ಯಾಂಡಿನಿಂದ ಅಂಗಡಿಗೆ ಇನ್ನೊಂದು ಬಸ್ಸು ಸೇರಿಸಿ ತಿಂಗಳಿಗೆ 2,400. ಮಧ್ಯಾಹ್ನದ ಊಟ, ಸಂಜೆಯ ಚಹಾ ದಿನಕ್ಕೆ 50 ಎಂದರೆ 26 ದಿನಕ್ಕೆ 1,300. ಉಳಿದದ್ದು 1,300 ರೂಪಾಯಿ.

ಇನ್ನು ಹೊತ್ತು. ಮನೆಯ ಅಂಗಳದಿಂದ ಅಂಗಡಿಯ ಬಾಗಿಲಿಗೆ, ಅಲ್ಲಿಂದ ಮತ್ತೆ ಅಂಗಳಕ್ಕೆ ಮೂರೂವರೆ ಗಂಟೆ. ಊರಿನ ಕೆಲಸಕ್ಕಾದರೆ ಅರ್ಧ ಗಂಟೆ. ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ 78 ಗಂಟೆ ಹೆಚ್ಚು. ಆ 78 ಗಂಟೆಗೆ ಸಿಕ್ಕಿದ್ದು 1,300 ರೂ. ಅಂದರೆ ಗಂಟೆಗೆ ಹದಿನೇಳೂ ಪೂರ್ತಿಯಾಗುವುದಿಲ್ಲ.

ಇದನ್ನು ಇನ್ನೊಂದು ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. ರಿಸರ್ವ್ ಬ್ಯಾಂಕಿನ ಕೈಪಿಡಿಯ ಪ್ರಕಾರ 2022-23ರಲ್ಲಿ ಕೇರಳದ ಗ್ರಾಮೀಣ ಪುರುಷ ಕೃಷಿ ಕಾರ್ಮಿಕರ ಸರಾಸರಿ ದಿನಗೂಲಿ 764 ರೂ., ಕಟ್ಟಡ ಕೆಲಸದವರದ್ದು 852 ರೂ. ದೇಶದ ಸರಾಸರಿ ಆ ವರ್ಷ ಕೃಷಿಗೆ 345, ಕಟ್ಟಡ ಕೆಲಸಕ್ಕೆ 393. ಎಂಟು ಗಂಟೆಗೆ ಭಾಗಿಸಿದರೆ ತೋಟದ ಕೆಲಸಕ್ಕೆ ಗಂಟೆಗೆ 95 ರೂ. ಗಡಿಯ ಈಚೆ ಕೈಕೆಲಸಕ್ಕೆ ಕೂಲಿ ಹೆಚ್ಚು. ಆಚೆ ಮೇಜು ಕುರ್ಚಿಯ ಕೆಲಸ ಹೆಚ್ಚು. ಹಾಗಾಗಿ ಬೆಳಗ್ಗೆ ಕೇರಳದ ಪದವೀಧರರು ತಲಪಾಡಿ ದಾಟಿ ಉತ್ತರಕ್ಕೆ ಹೋಗುತ್ತಾರೆ, ತೋಟದ, ಕಟ್ಟಡದ ಕೆಲಸಕ್ಕೆ ಹೊರಗಿನವರು ದಕ್ಷಿಣಕ್ಕೆ ಬರುತ್ತಾರೆ. ಓದಿದವನು ಕಡಿಮೆ ಸಂಬಳಕ್ಕೆ ಹೆಚ್ಚು ದೂರ ಹೋಗುವುದು ಈ ಜಿಲ್ಲೆಯ ದೊಡ್ಡ ತಮಾಷೆ. ಆದರೆ ಬಿ.ಕಾಂ. ಓದಿಸಿದ ಮಗಳನ್ನೋ ಮಗನನ್ನೋ ಅಡಿಕೆ ಸುಲಿಯಲು ಕಳಿಸುವವರು ಯಾರು?

ಬಸ್ಸಿನ ಬದಲು ರೈಲು ಹಿಡಿದರೆ ಲೆಕ್ಕ ಬದಲಾಗುತ್ತದೆ. ತಿಂಗಳ ಸೀಸನ್ ಟಿಕೆಟ್ ಬಹಳ ಅಗ್ಗ. ಅದಕ್ಕೆ ಸ್ಟೇಷನ್ನಿನ ರಿಕ್ಷಾ ಖರ್ಚು ಸೇರಿಸಿ 900 ಎಂದರೂ ಮೇಲಿನ ಉದಾಹರಣೆಯಲ್ಲಿ 2,800 ಉಳಿಯುತ್ತದೆ, ಗಂಟೆಗೆ ಸುಮಾರು 36 ರೂ. ಎರಡರಷ್ಟು! ಆದರೆ ರೈಲು ಎಲ್ಲರಿಗೂ ಒದಗುವುದಿಲ್ಲ. ಪೈವಳಿಕೆ, ಮೀಂಜ, ವರ್ಕಾಡಿ ಕಡೆಯವರು ಮೊದಲು ಉಪ್ಪಳಕ್ಕೋ ಹೊಸಂಗಡಿಗೋ ಇಳಿಯಬೇಕು. ಪೆರ್ಲದವರಿಗಂತೂ ವಿಟ್ಲ, ಪುತ್ತೂರೇ ಹತ್ತಿರ. ಸೀಸನ್ ಟಿಕೆಟ್ ಇದ್ದವರು ರಿಸರ್ವ್ ಬೋಗಿ ಹತ್ತುವಂತಿಲ್ಲ, ಸೂಪರ್‌ಫಾಸ್ಟಿಗೆ ಬೇರೆ ದುಡ್ಡು ಕೊಡಬೇಕು. 2023ರಲ್ಲಿ ಕಾಸರಗೋಡಿಗೆ ಎರಡು ವಂದೇ ಭಾರತ್ ಬಂದವು, ಒಂದನ್ನು 2024ರಲ್ಲಿ ಮಂಗಳೂರಿಗೆ ವಿಸ್ತರಿಸಲಾಯಿತು. ಫೋಟೋ ಚೆನ್ನಾಗಿ ಬಂತು. ಕುಂಬಳೆಯಲ್ಲಿ ಬೆಳಗ್ಗೆ ಬ್ಯಾಗು ಹಿಡಿದು ನಿಲ್ಲುವವರಿಗೆ ಬೇಕಾದದ್ದು ಎರಡು ಹೆಚ್ಚಿನ ಜನರಲ್ ಬೋಗಿ.

ಕೋವಿಡ್ ಕಾಲದಲ್ಲಿ ಪ್ಯಾಸೆಂಜರ್ ರೈಲುಗಳು ನಿಂತವು, ಸೀಸನ್ ಟಿಕೆಟ್ ಕೊಡುವುದೂ ನಿಂತಿತು. ಮತ್ತೆ ಓಡಿದಾಗ ಎಕ್ಸ್‌ಪ್ರೆಸ್ ಎಂಬ ಹೆಸರಿನಲ್ಲಿ, 30 ರೂ. ಕನಿಷ್ಠ ದರದೊಂದಿಗೆ ಬಂದವು. ಹಳೆಯ ದರ ಮರಳಿದ್ದು 2024ರ ಫೆಬ್ರವರಿಯಲ್ಲಿ. ನಡುವಿನ ವರ್ಷಗಳಲ್ಲಿ ಕಡಿಮೆ ಸಂಬಳದವರ ಲೆಕ್ಕ ಪೂರ್ತಿ ಬುಡಮೇಲಾಯಿತು.

ರಸ್ತೆ ಅಗಲವಾಯಿತು, ಆದರೆ...

ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಷಟ್ಪಥದ ಕೆಲಸ ಬಹುಮಟ್ಟಿಗೆ ಮುಗಿದಿದೆ. ಕಾರಿನವರಿಗೆ ಹೊತ್ತು ಉಳಿದಿದೆ, ಸುಳ್ಳಲ್ಲ. ಬಸ್ಸಿನವರ ಕತೆ ಬೇರೆ. ಬಸ್ಸು ನಿಲ್ಲುವುದು ಸರ್ವೀಸ್ ರಸ್ತೆಯಲ್ಲಿ. ಹೆದ್ದಾರಿಯ ಆಚೆ ಮನೆ ಇದ್ದವರು ಈಚೆ ಬರಲು ಅಂಡರ್‌ಪಾಸ್ ಹುಡುಕಿಕೊಂಡು ನಡೆಯಬೇಕು. ಖಾಸಗಿ ಬಸ್ಸುಗಳು ಎರಡೂ ಕಡೆಯಿಂದ ತಲಪಾಡಿಗೆ ಬಂದು ನಿಲ್ಲುತ್ತವೆ, ಅಲ್ಲಿ ಇಳಿದು ಇನ್ನೊಂದು ಹತ್ತಬೇಕು. ನೇರ ಹೋಗುವುದು ಎರಡೂ ರಾಜ್ಯಗಳ ಸರಕಾರಿ ಬಸ್ಸು. ಅದೇ ತಲಪಾಡಿಯಲ್ಲಿ 2025ರ ಆಗಸ್ಟ್ 28ರಂದು ಬಸ್ಸು ಡಿಕ್ಕಿಯಾಗಿ ಆರು ಮಂದಿ ಸತ್ತರು. ದಿನವೂ ದಾರಿಯಲ್ಲಿರುವವನಿಗೆ ದಾರಿಯ ಅಪಾಯವೂ ದಿನವೂ ಇರುತ್ತದೆ.

ಟಿಕೆಟಿನಲ್ಲೂ ಗಡಿ ಇದೆ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಆ ರಾಜ್ಯದ ನಿವಾಸಿ ಹೆಂಗಸರಿಗೆ. ಮಂಗಳೂರಿನ ಒಂದೇ ಅಂಗಡಿಯಲ್ಲಿ ಒಂದೇ ಸಂಬಳಕ್ಕೆ ದುಡಿಯುವ ಇಬ್ಬರಲ್ಲಿ, ಬಂಟ್ವಾಳದವಳು ಸರಕಾರಿ ಬಸ್ಸಿನಲ್ಲಿ ದುಡ್ಡಿಲ್ಲದೆ ಬರಬಹುದು, ಮಂಜೇಶ್ವರದವಳು ಪೂರ್ತಿ ದರ ಕೊಡಬೇಕು. 2025ರ ಜನವರಿಯಲ್ಲಿ ಕರ್ನಾಟಕ ಬಸ್ ದರ ಶೇ. 15ರಷ್ಟು ಏರಿಸಿದಾಗಲೂ ಬಿಸಿ ತಟ್ಟಿದ್ದು ಎರಡನೆಯವಳಿಗೆ.

ಆಚೆಗೆ ಹೊರಗಿನವ, ಈಚೆಗೆ ಲೆಕ್ಕಕ್ಕಿಲ್ಲದವ

ಇಷ್ಟೆಲ್ಲ ಖರ್ಚಿನ ಮಾತು. ಖರ್ಚು ತಡೆದುಕೊಳ್ಳಬಹುದು. ಕೆಲಸವೇ ಒಂದು ಬೆಳಗ್ಗೆ ಗಡಿಯ ಆಚೆ ಉಳಿದುಬಿಟ್ಟರೆ?

2020ರ ಮಾರ್ಚಿನಲ್ಲಿ ಹಾಗೆಯೇ ಆಯಿತು. ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿಯಿತು. ಮಂಗಳೂರಿನ ಆಸ್ಪತ್ರೆ ನಂಬಿದ್ದ ರೋಗಿಗಳು ದಾರಿಯಲ್ಲಿ ಸಿಲುಕಿದರು, ಪ್ರಾಣ ಹೋದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಯಲು ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಏಪ್ರಿಲ್ 7ರಂದು ರೋಗಿಗಳ ಮಟ್ಟಿಗೆ ಒಂದು ಒಪ್ಪಂದವಾಯಿತು. ದುಡಿಯುವವರ ಬಗ್ಗೆ ಆಗ ಮಾತೇ ಇರಲಿಲ್ಲ. ಮುಂದೆ ಪಾಸ್ ವ್ಯವಸ್ಥೆ ಬಂತು. ಸೋಂಕು ಏರಿದಾಗ 2020ರ ಜುಲೈಯಲ್ಲಿ ಕಾಸರಗೋಡು ಜಿಲ್ಲಾಡಳಿತವೇ ನಿತ್ಯದ ಓಡಾಟ ನಿಲ್ಲಿಸಿತು. 2021ರಲ್ಲಿ ಎರಡು ಸಲ ಆರ್‌ಟಿಪಿಸಿಆರ್ ಪ್ರಮಾಣಪತ್ರದ ನಿಯಮ ಬಂತು. ತಪ್ಪು ಒಂದೇ ಸರಕಾರದ್ದೆಂದು ಹೇಳುವಂತಿಲ್ಲ. ಎರಡೂ ಕಡೆಯ ಅಧಿಕಾರಿಗಳು ತಮ್ಮ ತಮ್ಮ ಜಿಲ್ಲೆಯ ನಕಾಶೆ ನೋಡಿಕೊಂಡು ಆದೇಶ ಹೊರಡಿಸಿದರು. ಎರಡೂ ನಕಾಶೆಯ ಅಂಚಿನಲ್ಲಿದ್ದವರು ಕೆಲಸ ಕಳೆದುಕೊಂಡರು, ಇಲ್ಲವೇ ಮಂಗಳೂರಿನಲ್ಲಿ ಬಾಡಿಗೆ ಕೋಣೆ ಹಿಡಿದರು.

ಕೋವಿಡ್ ಮುಗಿದ ಕತೆ ಎನ್ನಬಹುದು. 2024ರ ಜುಲೈಯ ಸಂಗತಿ ಹಾಗಲ್ಲ. ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಮೀಸಲಿಡುವ ಮಸೂದೆಗೆ ಕರ್ನಾಟಕ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಗದ್ದಲ ಎಬ್ಬಿಸಿದ್ದರಿಂದ ಎರಡೇ ದಿನದಲ್ಲಿ ಅದನ್ನು ತಡೆಹಿಡಿಯಲಾಯಿತು. ಬೆಂಗಳೂರಿನ ಐಟಿ ಕಂಪೆನಿಗಳ ಕೂಗಿನಲ್ಲಿ ಗಡಿಯವರ ಪ್ರಶ್ನೆ ಯಾರಿಗೂ ಕೇಳಿಸಲಿಲ್ಲ. ಆ ಮಸೂದೆಯಲ್ಲಿ ಸ್ಥಳೀಯ ಎಂದರೆ ಕರ್ನಾಟಕದಲ್ಲಿ ಹುಟ್ಟಿ, ಹದಿನೈದು ವರ್ಷ ಅಲ್ಲೇ ವಾಸವಿದ್ದು, ಕನ್ನಡ ಓದಿ ಬರೆದು ಮಾತಾಡಬಲ್ಲವರು. ಒಂದನೇ ತರಗತಿಯಿಂದ ಕನ್ನಡ ಮಾಧ್ಯಮದಲ್ಲೇ ಓದಿದ ಮಂಜೇಶ್ವರದ ಹುಡುಗ ಮೂರನೆಯ ಷರತ್ತಿನಲ್ಲಿ ಎಲ್ಲರಿಗಿಂತ ಮುಂದೆ, ಮೊದಲೆರಡರಲ್ಲಿ ಹೊರಗೆ. ವೃತ್ತಿ ಶಿಕ್ಷಣದ ಸೀಟಿಗೆ ಗಡಿನಾಡ ಕನ್ನಡಿಗ ಎಂದು ಒಪ್ಪುವ ಸರಕಾರ, ಕೆಲಸದ ಮಾತು ಬಂದಾಗ ಆ ಪದವನ್ನೇ ಮರೆಯಿತು. ಮಸೂದೆ ಮತ್ತೆ ಬಂದರೆ ಈ ಒಂದು ಸಾಲು ತಿದ್ದಿಸುವುದು ಗಡಿನಾಡಿನ ಸಂಘಟನೆಗಳು ರಾಜ್ಯೋತ್ಸವದ ವೇದಿಕೆಗಿಂತ ಮೊದಲು ಮಾಡಬೇಕಾದ ಕೆಲಸ.

ಈಚೆಯ ಕಡೆ ಏನಿದೆ? ಕೇರಳ ಪಿಎಸ್‌ಸಿ ಕಾಸರಗೋಡು ಜಿಲ್ಲೆಗೆ ಕನ್ನಡ, ಮಲಯಾಳ ಎರಡೂ ತಿಳಿದವರಿಗಾಗಿ ಹುದ್ದೆಗಳನ್ನು ಕರೆಯುತ್ತದೆ, ಕನ್ನಡ ಮಾಧ್ಯಮ ಶಿಕ್ಷಕರ ಹುದ್ದೆಗಳೂ ಇವೆ. ಆದರೆ ರ‍್ಯಾಂಕ್ ಪಟ್ಟಿ ನೋಡಿಕೊಂಡು ಹೊಟ್ಟೆ ತುಂಬುವುದಿಲ್ಲ. ಕುಡ್ಲುವಿನಲ್ಲಿ ತೋಟಗಾರಿಕೆ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಇದೆ, ಸೀತಾಂಗೋಳಿಯಲ್ಲಿ ಎಚ್‌ಎಎಲ್ ಘಟಕ ಇದೆ. ಬೆದ್ರಡ್ಕದ ಬಿಎಚ್‌ಇಎಲ್ ಕಾರ್ಖಾನೆ 2020ರಲ್ಲಿ ಬಾಗಿಲು ಹಾಕಿ, ಕೇರಳ ಸರಕಾರ ವಹಿಸಿಕೊಂಡ ಮೇಲೆ 2022ರ ಏಪ್ರಿಲ್‌ನಲ್ಲಿ ಕೆಲ್ ಹೆಸರಿನಲ್ಲಿ ತೆರೆಯಿತು. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದು; 50 ಎಂಬಿಬಿಎಸ್ ಸೀಟಿಗೆ ಒಪ್ಪಿಗೆ ಸಿಕ್ಕಿದ್ದು 2025ರಲ್ಲಿ. ಹನ್ನೆರಡು ವರ್ಷ! ಆ ಹನ್ನೆರಡು ವರ್ಷದಲ್ಲಿ ಜಿಲ್ಲೆಯ ಎಷ್ಟು ನರ್ಸುಗಳು, ಲ್ಯಾಬ್ ಕಲಿತವರು ದೇರಳಕಟ್ಟೆಯ ಬಸ್ಸು ಹತ್ತಿದರೆಂದು ಬೇರೆ ಹೇಳಬೇಕಿಲ್ಲ. ಉಕ್ಕಿನಡ್ಕದ ಆಸ್ಪತ್ರೆ ಪೂರ್ಣ ಪ್ರಮಾಣದಲ್ಲಿ ನಡೆದರೆ ಬದಿಯಡ್ಕ, ಎಣ್ಮಕಜೆ ಕಡೆಯ ಮನೆಗಳಿಗೆ ಯಾವ ಪ್ಯಾಕೇಜಿಗಿಂತಲೂ ದೊಡ್ಡ ಉಪಕಾರವಾದೀತು.

ಹಾಗಾದರೆ ಯಾವುದು ವಾಸಿ?

ಊರಿನ ಕೆಲಸವೆಲ್ಲ ಒಳ್ಳೆಯದೆಂದು ಹೊಗಳಲು ಬರುವುದಿಲ್ಲ. ಅಲ್ಲೂ ಕಾಣದ ಕಡಿತ ಇದೆ. ಪಿಎಫ್ ಕಡ್ಡಾಯವಾಗುವುದು ಇಪ್ಪತ್ತು ಜನ ಇದ್ದಲ್ಲಿ, ಇಎಸ್‌ಐ ಹತ್ತು ಜನ ಇದ್ದಲ್ಲಿ. ಉಪ್ಪಳದ, ಬದಿಯಡ್ಕದ ಸಣ್ಣ ಅಂಗಡಿಗಳಲ್ಲಿ ನಾಲ್ಕೈದು ಜನ. ಮಂಗಳೂರಿನ ದೊಡ್ಡ ಸಂಸ್ಥೆಯಲ್ಲಿ ಮಾಲಕರು ತುಂಬುವ ಶೇ. 12ರ ಪಿಎಫ್, ಶೇ. 3.25ರ ಇಎಸ್‌ಐ ಕೂಡ ಸಂಬಳವೇ, ಕೈಗೆ ಬಾರದಿದ್ದರೂ. ಅದನ್ನು ಲೆಕ್ಕಕ್ಕೆ ಸೇರಿಸಿದರೆ ಮೇಲಿನ ಹದಿನೇಳು ರೂಪಾಯಿ ಬೆಳೆಯುತ್ತದೆ. ಕೆಲವರು ಮಂಗಳೂರಿನ ಅಂಗಡಿಯಲ್ಲೂ ಇವೆರಡೂ ಇಲ್ಲದೆ ದುಡಿಯುತ್ತಾರೆ. ಅಂಥ ಕೆಲಸಕ್ಕೆ ಗಡಿ ದಾಟುವುದು ಶುದ್ಧ ನಷ್ಟ.

ದಾರಿಯ ಬಗ್ಗೆ ತಿಳಿದಿರಬೇಕಾದ ಒಂದು ಕಾನೂನಿನ ಮಾತೂ ಇದೆ. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವಾಗ ಅಪಘಾತವಾದರೆ ಅದನ್ನೂ ಕೆಲಸದ ವೇಳೆಯ ಅಪಘಾತವೆಂದು ಪರಿಗಣಿಸಲು ಇಎಸ್‌ಐ ಕಾಯ್ದೆಯಲ್ಲಿ 2010ರಲ್ಲೇ ತಿದ್ದುಪಡಿ ಆಗಿದೆ. ಹೊತ್ತು, ಜಾಗ, ಸಂದರ್ಭಕ್ಕೂ ಕೆಲಸಕ್ಕೂ ಸಂಬಂಧ ತೋರಿಸಬೇಕು ಅಷ್ಟೆ. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಇದೇ ಅರ್ಥವನ್ನು ಕಾರ್ಮಿಕ ಪರಿಹಾರ ಕಾಯ್ದೆಗೂ ಅನ್ವಯಿಸಿತು. ಕಾಯ್ದೆ ಕೇಂದ್ರದ್ದಾದ್ದರಿಂದ ತಲಪಾಡಿ ಇದಕ್ಕೆ ಅಡ್ಡ ಬರುವುದಿಲ್ಲ. ಆದರೆ ಕೆಲಸಕ್ಕೆ ಸೇರಿದ ದಾಖಲೆ, ಹಾಜರಿ, ಇಎಸ್‌ಐ ನಂಬರು ಕೈಯಲ್ಲಿರಬೇಕು. ಬಾಯಿಮಾತಿನಲ್ಲಿ ಸೇರಿಕೊಂಡವರಿಗೆ ಕಷ್ಟ.

ಎಲ್ಲಕ್ಕಿಂತ ಮುಖ್ಯವಾದದ್ದು ಐದು ವರ್ಷದ ನಂತರ ಆ ಕೆಲಸ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದು. ನರ್ಸಿಂಗ್, ಲ್ಯಾಬ್, ವಾಹನಗಳ ಸರ್ವೀಸ್, ಲೆಕ್ಕ ಪರಿಶೋಧಕರ ಕಚೇರಿ - ಇಂಥ ಕಡೆ ದೊಡ್ಡ ಊರಿನಲ್ಲಿ ಮೂರು ನಾಲ್ಕು ವರ್ಷ ಕಲಿತದ್ದು ಎಲ್ಲಿ ಹೋದರೂ ದುಡ್ಡಾಗುತ್ತದೆ, ಗಲ್ಫಿನಲ್ಲೂ. ಅಂಥವರು ಸೀಸನ್ ಟಿಕೆಟ್ ಮಾಡಿಸಿ ಧೈರ್ಯದಿಂದ ಹೋಗಲಿ. ಬಟ್ಟೆ ಅಂಗಡಿಯಲ್ಲಿ ನಿಂತು ಮಾರುವ, ಬಿಲ್ಲು ಹಾಕುವ ಕೆಲಸಕ್ಕೆ ಮೊದಲ ವರ್ಷವೂ ಐದನೇ ವರ್ಷವೂ ಒಂದೇ. ಅಲ್ಲಿ ನಾಲ್ಕೈದು ಸಾವಿರದ ವ್ಯತ್ಯಾಸ ಇದ್ದರೆ ಊರಿನ ಕೆಲಸವೇ ಮೇಲು. ಉಳಿದ ಮೂರು ಗಂಟೆಯಲ್ಲಿ ಪಿಎಸ್‌ಸಿಗೆ ಓದಬಹುದು, ತೋಟಕ್ಕೆ ನೀರು ಬಿಡಬಹುದು, ಮಕ್ಕಳ ಪಾಠ ನೋಡಬಹುದು. ಹೆಂಗಸರ ಮಟ್ಟಿಗೆ ಈ ಮೂರು ಗಂಟೆಯ ಬೆಲೆ ಇನ್ನೂ ಹೆಚ್ಚು, ಯಾಕೆಂದರೆ ರಾತ್ರಿ ಎಂಟಕ್ಕೆ ಮನೆಗೆ ಬಂದವಳನ್ನು ಒಲೆ ಕಾದಿರುತ್ತದೆ. ಗಂಡಸು ಅದೇ ಬಸ್ಸಿನಲ್ಲಿ ಬಂದರೆ ಚಹಾ ಸಿದ್ಧವಿರುತ್ತದೆ!

ಸರಕಾರಗಳು ಮಾಡಬಹುದಾದದ್ದು ದೊಡ್ಡ ಖರ್ಚಿನದ್ದೇನೂ ಅಲ್ಲ. ಕಾಸರಗೋಡು-ಮಂಗಳೂರು ನಡುವೆ ಜೋಡಿ ಹಳಿ ಇದೆ, ಪಾಲಕ್ಕಾಡ್ ವಿಭಾಗ ಮನಸ್ಸು ಮಾಡಿದರೆ ಬೆಳಗ್ಗೆ ಒಂದು, ಸಂಜೆ ಕೆಲಸ ಬಿಡುವ ಹೊತ್ತಿಗೆ ಒಂದು ಮೆಮು ಓಡಿಸುವುದು ಅಸಾಧ್ಯವಲ್ಲ. ಎರಡೂ ರಾಜ್ಯದ ಬಸ್ಸಿಗೆ ನಡೆಯುವ ಒಂದೇ ತಿಂಗಳ ಪಾಸು ಕೊಡಬಹುದು. ಓಡಿಸುವುದು ಒಪ್ಪಂದದ ಮೇಲೆಯೇ ಆಗಿರುವಾಗ ಪಾಸಿಗೆ ಮಾತ್ರ ಒಪ್ಪಂದ ಯಾಕಾಗದು? ದಕ್ಷಿಣ ಕನ್ನಡ, ಕಾಸರಗೋಡು ಜಿಲ್ಲಾಧಿಕಾರಿಗಳು ಸೇರಿ, ಮುಂದೆ ಯಾವ ಕಾರಣಕ್ಕೆ ಗಡಿ ಬಿಗಿಯಾದರೂ ನಿತ್ಯ ದುಡಿಯುವವರಿಗೆ ಏನು ವ್ಯವಸ್ಥೆ ಎಂಬುದನ್ನು ಈಗಲೇ ಬರೆದಿಡಬೇಕು. 2020ರಲ್ಲಿ ಆ ಕಾಗದ ಎರಡೂ ಕಚೇರಿಗಳಲ್ಲಿ ಇರಲಿಲ್ಲ.