ಚಿತ್ರಕ್ಕೆ ತಕ್ಕ ನಾದ

ಮಗುವಿನ ನಾಮಕರಣವಾಗಲಿ, ಮನೆಯ ಗೃಹಪ್ರವೇಶವಾಗಲಿ, ಎರಡು ವರ್ಷಕ್ಕೊಮ್ಮೆ ಶಿರಸಿಯಲ್ಲಿ ಸಾಗುವ ಮಾರಿಕಾಂಬೆಯ ತೇರಾಗಲಿ, ಅದನ್ನು ಚಲಿಸುವ ಚಿತ್ರವಾಗಿ ಉಳಿಸಿಕೊಳ್ಳಲು ಈಗ ಅಂಗೈಯಗಲದ ಮೊಬೈಲು ಸಾಕು. ಬೆಂಗಳೂರಿನಿಂದ ರಜೆಗೆ ಬಂದ ಮಗನೋ ಮಗಳೋ ಅಡಿಕೆಯ ತೋಟ, ಅಂಗಳ, ಅಜ್ಜಿಯ ನಗುಗಳನ್ನೆಲ್ಲ ಸೆರೆಹಿಡಿದು ಎರಡು ನಿಮಿಷಕ್ಕೆ ಇಳಿಸಿಯಾಯಿತು. ಇನ್ನುಳಿದ ಪ್ರಶ್ನೆ ಒಂದೇ: ಹಿನ್ನೆಲೆಗೆ ಯಾವ ಸಂಗೀತ? ಬಹುಮಂದಿಯ ಕೈ ತಾನಾಗಿಯೇ ಉಕುಲೆಲೆಯ ಉಲ್ಲಾಸದ ತುಣುಕಿನತ್ತ ಚಾಚುತ್ತದೆ.

ಉಕುಲೆಲೆಯೆಂದರೆ ಹವಾಯಿ ದ್ವೀಪಗಳ ನಾಲ್ಕು ತಂತಿಯ ಪುಟ್ಟ ವಾದ್ಯ. 1879ರಲ್ಲಿ ಪೋರ್ಚುಗಲ್ಲಿನ ಮದೇರಾ ದ್ವೀಪದಿಂದ ಕಬ್ಬಿನ ತೋಟಗಳ ದುಡಿಮೆಗಾಗಿ ಹೊನೊಲುಲುವಿಗೆ ಬಂದಿಳಿದ ಜನರು ತಮ್ಮ ಸಣ್ಣ ತಂತಿವಾದ್ಯವನ್ನೂ ಜೊತೆಗೆ ತಂದರು. ಅವರಲ್ಲಿದ್ದ ಮರಗೆಲಸದವರ ಕೈಯಲ್ಲಿ ಅದು ಹೊಸ ರೂಪ ತಾಳಿತು. ಸಾಮಾನ್ಯವಾಗಿ ಅದರ ನಾಲ್ಕನೆಯ ತಂತಿಯನ್ನು ಮಂದ್ರಕ್ಕೆ ಇಳಿಸದೆ ಎತ್ತರದಲ್ಲಿಯೇ ಶ್ರುತಿಗೊಳಿಸುವುದರಿಂದ ನಾದದಲ್ಲಿ ಭಾರವಿಲ್ಲ. ಮೀಟಿದ ಸ್ವರ ಬೇಗನೆ ಅಡಗುವುದರಿಂದ ಮೇಲೆ ಆಡುವ ಮಾತಿಗೆ ಅಡ್ಡಿಯೂ ಇಲ್ಲ. ತೊದಲು ಹೆಜ್ಜೆಯಿಡುವ ಮಗುವಿನ ಚಿತ್ರಕ್ಕೆ, ದೋಸೆ ಹುಯ್ಯುವ ವಿಧಾನ ತೋರಿಸುವ ಗೃಹಿಣಿಯ ಚಿತ್ರಕ್ಕೆ ಇದಕ್ಕಿಂತ ಒಪ್ಪುವ ನಾದ ದೊರೆಯುವುದು ಕಷ್ಟವೇ.

ಆದರೆ ಸಕ್ಕರೆ ರುಚಿಯೆಂದು ಸಾರಿಗೂ ಸುರಿಯುವವರುಂಟೆ? ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ ಅಘನಾಶಿನಿಯು 116 ಮೀಟರು ಧುಮುಕುತ್ತಾಳೆ. ಆ ಭೋರ್ಗರೆತ ಕಿವಿಯನ್ನು ಕಿವುಡಾಗಿಸುವುದರಿಂದಲೇ ಜನರು ಅದನ್ನು ಕೆಪ್ಪ ಜೋಗವೆಂದು ಕರೆದರು. ಆ ಸದ್ದನ್ನು ಅಳಿಸಿ ಅಲ್ಲಿ ತಂತಿಯ ಟಿಂಗಿಣಿಯನ್ನು ಹೊಂದಿಸಿದರೆ ಉಳಿಯುವುದು ಹೆಸರು ಕಳೆದುಕೊಂಡ ನೀರು. ಶಿರಸಿಯ ಹೋಳಿಯ ರಾತ್ರಿಗಳಲ್ಲಿ ತಮಟೆಯ ಬಡಿತಕ್ಕೆ ಅಬ್ಬರಿಸುವ ಬೇಡರ ವೇಷದ ಹಿಂದೆ ಇರುವುದು ಒಂದು ದುರಂತದ ಕಥೆ. ಅದಕ್ಕೂ ಅದೇ ಟಿಂಗಿಣಿ ಕೂಡಿಕೊಂಡರೆ ನೋಡುವವನಿಗೆ ನಗು ಬಂದೀತೇ ಹೊರತು ಮೈ ಜುಮ್ಮೆನ್ನಲಾರದು.

ಈ ವಿವೇಕವನ್ನು ಕಲಿಯಲು ಈ ಸೀಮೆಯವರು ದೂರ ಹೋಗಬೇಕಾಗಿಲ್ಲ. ವೀರನ ಪ್ರವೇಶಕ್ಕೆ ಚಂಡೆ ಗುಡುಗುತ್ತದೆ. ಶೋಕದ ಪದಕ್ಕೆ ಅದು ಸುಮ್ಮನಾಗಿ ಮದ್ದಳೆಯೊಂದೇ ಮೆಲ್ಲನೆ ನುಡಿಯುತ್ತದೆ. ಯಕ್ಷಗಾನದ ಹಿಮ್ಮೇಳಕ್ಕೆ ಯಾವಾಗ ನುಡಿಯಬೇಕೆಂಬುದರಷ್ಟೇ ಯಾವಾಗ ಮೌನವಾಗಿರಬೇಕೆಂಬುದೂ ಗೊತ್ತು.

ಉಲ್ಲಾಸವೇ ಬೇಕೆನ್ನುವವರಿಗೂ ಇಲ್ಲಿ ಕೊರತೆಯಿಲ್ಲ. ಯಲ್ಲಾಪುರದ ಕಾಡಂಚಿನ ಸಿದ್ದಿಯರ ಡಮಾಮಿಯನ್ನು ಕೇಳಿದವನ ಕಾಲು ನಿಂತಲ್ಲಿ ನಿಲ್ಲಲಾರದು. ಸಿದ್ದಿಯರ ಪೂರ್ವಿಕರಲ್ಲಿ ಅನೇಕರು ಪೋರ್ಚುಗೀಸರ ಗೋವೆಗೆ ಆಫ್ರಿಕದಿಂದ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಈ ಕಾಡುಗಳನ್ನು ಸೇರಿದವರು. ಹೀಗೆ ಪೋರ್ಚುಗೀಸರೊಡನೆ ಬೆಸೆದ ಕಥೆಯನ್ನು ಉಕುಲೆಲೆಯಂತೆ ಡಮಾಮಿಯೂ ಹೊತ್ತಿದೆ. ಒಂದು ಜಗತ್ತನ್ನೆಲ್ಲ ಸುತ್ತಿತು. ಇನ್ನೊಂದನ್ನು ಪಕ್ಕದ ಪೇಟೆಯವರೇ ಸರಿಯಾಗಿ ಕೇಳಿಲ್ಲ. ಕುಣಿತವನ್ನು ಚಿತ್ರಿಸಿಕೊಂಡು ಹೋದ ಪ್ರವಾಸಿ, ಡಮಾಮಿಯ ದನಿಯನ್ನು ತೆಗೆದು ಉಕುಲೆಲೆಯನ್ನು ತುಂಬಿದರೆ, ಕುಣಿಯುವವರ ಹೆಜ್ಜೆಗೂ ಕೇಳುವ ತಾಳಕ್ಕೂ ಸಂಬಂಧವೇ ತಪ್ಪುತ್ತದೆ. ನೋಡುವವರಿಗೆ ಕಾಣುವುದು ಕೈಕಾಲುಗಳ ಆಟ ಮಾತ್ರ. ಆ ಜನರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದದ್ದು ಮಾಯವಾಗಿರುತ್ತದೆ.

ಆ ದನಿಯನ್ನು ಉಳಿಸಿಕೊಂಡರೆ ಸಾಲದು, ನುಡಿಸಿದವರನ್ನೂ ನೆನೆಯಬೇಕು. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಮಾಡಿದ ತಿದ್ದುಪಡಿಯು ವಾದಕರಿಗೂ ಹಾಡುವವರಿಗೂ ತಮ್ಮ ಕಲೆಯ ಮೇಲೆ ಹಕ್ಕನ್ನು ಕೊಟ್ಟಿತು. ಚಿತ್ರವನ್ನು ನಾಲ್ಕು ಜನರಿಗೆ ತೋರಿಸುವ ಮುನ್ನ ಅವರ ಒಪ್ಪಿಗೆ ಪಡೆಯುವುದು, ಅವರು ಒಪ್ಪಿದರೆ ಚಿತ್ರದ ಕೊನೆಯಲ್ಲಿ ಅವರ ಹೆಸರನ್ನು ಕಾಣಿಸುವುದು, ಶಕ್ತಿಯಿದ್ದಷ್ಟು ಸಂಭಾವನೆ ಕೊಡುವುದು ಸಜ್ಜನರ ಲಕ್ಷಣ. ಅಂತರ್ಜಾಲದಲ್ಲಿ ಉಚಿತವೆಂದು ಸಿಗುವ ಉಕುಲೆಲೆಯ ತುಣುಕಿಗೂ ಅನೇಕ ವೇಳೆ ರಚನಕಾರನ ಹೆಸರು ಹೇಳಬೇಕೆಂಬ ನಿಬಂಧನೆಯಿರುತ್ತದೆ. ಇಳಿಸಿಕೊಳ್ಳುವ ಮೊದಲು ಓದಿಕೊಳ್ಳುವುದು ಕ್ಷೇಮ.

ಸಂಗೀತವನ್ನು ಆರಿಸುವ ಮೊದಲು ಚಿತ್ರವನ್ನು ಒಮ್ಮೆ ಅದರ ಸ್ವಂತ ಸದ್ದಿನೊಡನೆಯೇ ಕಣ್ಣು ಮುಚ್ಚಿ ಕೇಳಬೇಕು. ಅಡಿಕೆ ಸುಲಿಯುವ ಕತ್ತಿಯ ಸದ್ದು, ಹಂಚಿನ ಮೇಲಿನ ಮಳೆ, ಮೊಮ್ಮಗನನ್ನು ಕರೆಯುವ ಅಜ್ಜಿಯ ದನಿ ಅಲ್ಲಿ ಸಿಕ್ಕರೆ ಅವನ್ನು ಹಾಗೆಯೇ ಬಿಡುವುದು ಲೇಸು. ಉಕುಲೆಲೆ ನಾಳೆಯೂ ದೊರೆಯುತ್ತದೆ. ಅಜ್ಜಿಯ ದನಿ ಎಂದೆಂದಿಗೂ ದೊರೆಯುವಂಥದಲ್ಲ.