ಅಜ್ಜನ ವಾಚಿಗೆ ಬಣ್ಣ ಬಳಿಯಬೇಡಿ

ಅಜ್ಜ ತೀರಿಕೊಂಡ ಮೇಲೆ ಊರಿನ ಕಪಾಟು ಖಾಲಿ ಮಾಡುವಾಗ ನನ್ನ ಪಾಲಿಗೆ ಬಂದದ್ದು ಒಂದು ಎಚ್.ಎಂ.ಟಿ. ಜನತಾ ವಾಚು. ಜಗಳವಿಲ್ಲದೆ ಸಿಕ್ಕಿತು, ಯಾಕೆಂದರೆ ಬೇರೆ ಯಾರಿಗೂ ಅದು ಬೇಕಿರಲಿಲ್ಲ. ಜಗಳ ಶುರುವಾದದ್ದು ಡೊಂಬಿವಲಿಗೆ ವಾಪಸಾಗಿ, "ಇದನ್ನು ರಿಪೇರಿ ಮಾಡಿಸ್ತೇನೆ" ಎಂದು ಮನೆಯ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿದಾಗ.

ಅಕ್ಕ ಬರೆದಳು: "ಡಯಲ್ ಎಷ್ಟು ಕೊಳಕಾಗಿದೆ ಮಾರಾಯ, ಹೊಸದು ಹಾಕಿಸು. ಅಜ್ಜನಿಗೆ ಎಲ್ಲ ಫಳಫಳ ಇರಬೇಕಿತ್ತು." ದೊಡ್ಡಪ್ಪ ಬರೆದರು: "ಸುಮ್ಮನೆ ಖರ್ಚು ಯಾಕೆ? ನೆನಪಿಗೆ ಡಬ್ಬಿಯಲ್ಲಿಡು." ಭಾವ ಇಂಟರ್‌ನೆಟ್ ನೋಡಿ ಹೇಳಿದರು: "ಒರಿಜಿನಲ್ ಆದರೆ ಕೈ ಹಚ್ಚಲೇಬೇಡ, ರೇಟ್ ಬೀಳ್ತದೆ."

ಈ ಮೂವರ ಮೇಲೂ ನನಗೆ ಪ್ರೀತಿ ಇದೆ. ಆದರೆ ಮೂವರ ಮಾತೂ ತಪ್ಪು. ಇದೇ ಮೂರು ಮಾತನ್ನು ಈ ಊರಿನಲ್ಲಿರುವ ನಮ್ಮಂಥವರ ಬಾಯಲ್ಲಿ ಮತ್ತೆ ಮತ್ತೆ ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಯ ಯಾವುದಾದರೂ ಡ್ರಾವರಿನಲ್ಲೂ ಇಂಥದ್ದೊಂದು ವಾಚು ಮಲಗಿರಬಹುದು.

ಮೊದಲು ಫಳಫಳದ ವಿಷಯ. ಹಳೆ ವಾಚು ಸಂಗ್ರಹಿಸುವವರ ನಡುವೆ ಲೋಕದ ತುಂಬ ಓಡಾಡುವ ಒಂದು ಮಾತಿದೆ: 'ಮುಂಬೈ ಸ್ಪೆಷಲ್'. ಕೇಳಿದರೆ ಪಾವ್ ಭಾಜಿಯ ಹೆಸರಿನಂತಿದೆ, ಆದರೆ ಅದು ಬೈಗುಳ. ಒಂದು ವಾಚಿನ ಕೇಸು, ಇನ್ನೊಂದರ ಯಂತ್ರ, ಮತ್ತೊಂದರ ಮುಳ್ಳು ತಂದು ಸೇರಿಸಿ, ಹಳೆ ಡಯಲನ್ನು ಉಜ್ಜಿ ಬೋಳಿಸಿ, ಅದರ ಮೇಲೆ ಕಿತ್ತಳೆಯೋ ನೀಲಿಯೋ ಬಣ್ಣ ಹೊಡೆದು, ಕಂಪನಿಯ ಹೆಸರನ್ನು ಹೊಸದಾಗಿ ಅಚ್ಚೊತ್ತಿ 'ವಿಂಟೇಜ್' ಎಂದು ಮಾರುವ ಸರಕಿಗೆ ಆ ಹೆಸರು. ಐದು ವರ್ಷದ ಹಿಂದೆ ನಾನೂ ಆನ್‌ಲೈನಿನಲ್ಲಿ ಅಂಥದ್ದೊಂದು ಕೊಂಡು ಮೋಸಹೋದೆ. ಕುಂಕುಮದ ಬಣ್ಣದ ಡಯಲ್, ಭೂತಗನ್ನಡಿ ಹಿಡಿದರೆ ಅಕ್ಷರಗಳ ಅಂಚು ಹರಡಿಕೊಂಡಿದೆ, ನಿಮಿಷದ ಗೆರೆಗಳು ಒಂದಕ್ಕೊಂದು ಸಮ ಇಲ್ಲ. ಮೂರು ತಿಂಗಳಿಗೆ ನಿಂತುಹೋಯಿತು. ಮುಖಕ್ಕೆ ಬಣ್ಣ ಹೊಡೆದವನು ಯಂತ್ರಕ್ಕೆ ಒಂದು ತೊಟ್ಟು ಎಣ್ಣೆಯನ್ನೂ ಬಿಟ್ಟಿರಲಿಲ್ಲ.

ಅಕ್ಕ ಹೇಳಿದ್ದು ಇದನ್ನೇ, ಆದರೆ ಪ್ರೀತಿಯಿಂದ. ನಾನು ಮೊದಲು ಹೋದ ಅಂಗಡಿಯವನೂ ಇದನ್ನೇ ಹೇಳಿದ. ಹಿಂಬದಿ ಬಿಚ್ಚದೆ, ಕಿವಿಗೂ ಹಿಡಿಯದೆ, "ಡಯಲ್ ಹೊಸದು, ಕೇಸ್ ಪಾಲಿಶ್, ಒಂದೇ ದಿನದ ಕೆಲಸ" ಎಂದ. ಅಜ್ಜನ ವಾಚಿನ ಕೇಸು ಹಿತ್ತಾಳೆ, ಮೇಲೆ ಕ್ರೋಮಿನ ತೆಳುವಾದ ಲೇಪ. ಪಾಲಿಶ್ ಚಕ್ರಕ್ಕೆ ಕೊಟ್ಟರೆ ಒಂದು ವಾರ ಹೊಳೆಯುತ್ತದೆ, ಆಮೇಲೆ ಒಳಗಿನ ಹಳದಿ ಕಾಣುತ್ತದೆ. ನಾನು ವಾಚು ಎತ್ತಿಕೊಂಡು ಬಂದೆ.

ಆ ಕೊಳಕು ಡಯಲ್ ಏನು ಎಂದು ಹೇಳುತ್ತೇನೆ. ಅಜ್ಜ ಫೋರ್ಟ್‌ನ ಒಂದು ಉಡುಪಿ ಹೋಟೆಲಿಗೆ ಲೋಟ ತೊಳೆಯಲು ಬಂದ ಹುಡುಗ. ಹಗಲು ದುಡಿದು ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. 1976ರಲ್ಲಿ ಗಲ್ಲಾದಲ್ಲಿ ಕೂರಿಸಿದಾಗ ತಮ್ಮ ದುಡ್ಡಿನಲ್ಲಿ ಕೊಂಡ ಮೊದಲ ಬೆಲೆಬಾಳುವ ವಸ್ತು ಇದು. ಗಲ್ಲಾದ ಬೆನ್ನಿಗೇ ಅಡುಗೆಮನೆಯ ಬಾಗಿಲು. ಇಡ್ಲಿ ಅಟ್ಟದ ಹಬೆ, ಮುಂಬೈಯ ಮಳೆ, ಮುಂಗೈಯ ಬೆವರು ಎಲ್ಲ ಸೇರಿ ನಾಲ್ಕರ ಅಂಕಿಯ ಹತ್ತಿರ ಚಹಾ ಚೆಲ್ಲಿದಂಥ ಕಂದು ಕಲೆ ಮಾಡಿವೆ. ಅಜ್ಜ ಆ ಹೋಟೆಲಿನಲ್ಲಿ ದುಡಿದದ್ದಕ್ಕೆ ನಮ್ಮ ಹತ್ತಿರ ಬೇರೆ ದಾಖಲೆ ಇಲ್ಲ. ಸಂಬಳದ ಚೀಟಿ ಇಲ್ಲ, ನೇಮಕದ ಪತ್ರ ಇಲ್ಲ, ಗಲ್ಲಾದಲ್ಲಿ ಕೂತ ಫೋಟೋ ಇಲ್ಲ. ಇರುವುದು ಆ ಕಲೆ. ಅದನ್ನು ಉಜ್ಜಿಸಲು ನಾನು ದುಡ್ಡು ಕೊಡಬೇಕಂತೆ.

ಇನ್ನು ಡಬ್ಬಿಯಲ್ಲಿಡುವವರ ವಿಷಯ. ದೊಡ್ಡಪ್ಪನದ್ದು ಭಕ್ತಿ, ಭಾವನದ್ದು ವ್ಯಾಪಾರ. ಎರಡರ ಫಲವೂ ಒಂದೇ, ವಾಚು ಡಬ್ಬಿಯೊಳಗೆ ಸಾಯುತ್ತದೆ. ಜನತಾದ ಡಯಲಿನ ಮೇಲೆ '17 ಜ್ಯುವೆಲ್ಸ್' ಎಂದು ಬರೆದದ್ದನ್ನು ನೋಡಿ ಒಳಗೆ ವಜ್ರ ಇದೆ ಎಂದು ಚಿಕ್ಕಂದಿನಲ್ಲಿ ನಂಬಿದ್ದೆವು. ಅವು ಕೃತಕ ಮಾಣಿಕ್ಯದ ಪುಟಾಣಿ ಕಲ್ಲುಗಳು. ಗಾಲಿಗಳ ಕೂದಲಿನಷ್ಟು ತೆಳುವಾದ ಅಚ್ಚುಗಳು ಆ ಕಲ್ಲಿನ ಕುಳಿಯಲ್ಲಿ ಕೂತು ತಿರುಗುತ್ತವೆ. ಕುಳಿಯಲ್ಲಿ ಸೂಜಿಮೊನೆಯಷ್ಟು ಎಣ್ಣೆ ಬೇಕು. ವರ್ಷಗಳು ಕಳೆದಂತೆ ಆ ಎಣ್ಣೆ ಒಣಗಿ ಅಂಟಾಗುತ್ತದೆ. ಈ ಯಂತ್ರ ಸೆಕೆಂಡಿಗೆ ಐದು ಸಲ, ದಿನಕ್ಕೆ 4,32,000 ಸಲ ಬಡಿಯುತ್ತದೆ. ಹಬ್ಬಕ್ಕೊಮ್ಮೆ ಡಬ್ಬಿಯಿಂದ ತೆಗೆದು "ನೋಡು, ಇನ್ನೂ ಓಡ್ತದೆ" ಎಂದು ಕೀ ಕೊಡುವವರು ಎಣ್ಣೆಯಿಲ್ಲದ ಗಾಣವನ್ನು ತಿರುಗಿಸುತ್ತಿದ್ದಾರೆ. ಕೀ ಕೊಡದಿದ್ದರೂ ನಮ್ಮೂರಿನ ಕಡಲಗಾಳಿ ಬಿಡುವುದಿಲ್ಲ, ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿಸುತ್ತದೆ.

'ಒರಿಜಿನಲ್' ಎಂಬ ಮಡಿಯೂ ನನಗೆ ಅರ್ಥವಾಗುವುದಿಲ್ಲ. ಎಚ್.ಎಂ.ಟಿ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು ಕಾರ್ಖಾನೆಗಳಿಗೆ ಯಂತ್ರ ಮಾಡಿಕೊಡಲು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ವಾಚಿಗೆ ಇಳಿಯಿತು. ಅಂದರೆ ನಾವು ಅಪ್ಪಟ ಸ್ವದೇಶಿ ಎಂದು ಎದೆಗೆ ಒತ್ತಿಕೊಳ್ಳುವ ವಾಚಿನ ಎದೆಬಡಿತವೇ ಜಪಾನಿನಲ್ಲಿ ಕಲಿತದ್ದು. ಹೆಸರು ಜನತಾ. ಗುಮಾಸ್ತ, ಮೇಷ್ಟ್ರು, ಹೋಟೆಲಿನ ಗಲ್ಲಾದವರು ದಿನಾ ಕಟ್ಟಿ, ಕೆಟ್ಟಾಗ ರಿಪೇರಿ ಮಾಡಿಸಿ, ಮತ್ತೆ ಕಟ್ಟಲಿ ಎಂದು ಮಾಡಿದ ವಾಚು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿದ್ದೇ ತಡ, ಅಲ್ಲಿಯ ತನಕ ಅದನ್ನು ಮೂಸಿಯೂ ನೋಡದಿದ್ದ ನಮ್ಮ ಪೀಳಿಗೆಗೆ ಪ್ರೀತಿ ಉಕ್ಕಿತು. ಕಾರ್ಖಾನೆ ಬದುಕಿದ್ದಾಗ ಕೊಳ್ಳಲಿಲ್ಲ, ಸತ್ತ ಮೇಲೆ 'ಹೆರಿಟೇಜ್' ಅನ್ನುತ್ತೇವೆ. ನಾನೂ ಅದೇ ಸಾಲಿನವನು, ಆ ಕುಂಕುಮದ ಬಣ್ಣದ ವಾಚೇ ಸಾಕ್ಷಿ.

ನನ್ನ ಕಣ್ಣು ತೆರೆಸಿದ್ದು ಸ್ಟೇಷನ್ನಿನ ಹೊರಗೆ ಮೆಟ್ಟಿಲ ಸಂದಿಯಲ್ಲಿ ಕೂರುವ ಒಬ್ಬ ಮುದುಕ ರಿಪೇರಿಯವರು. ವಾಚಿನ ಹಿಂಬದಿ ಬಿಚ್ಚಿ, ಮುಚ್ಚಳದ ಒಳಮೈಯನ್ನು ನನ್ನತ್ತ ತಿರುಗಿಸಿ ಭೂತಗನ್ನಡಿ ಕೊಟ್ಟರು. ಅಲ್ಲಿ ಸೂಜಿಯಲ್ಲಿ ಗೀರಿದ ಮೂರು ಗುರುತುಗಳು, ಮೂರು ಬೇರೆ ಬೇರೆ ಕೈಬರಹ, ಜೊತೆಗೆ ಇಸವಿ: 81, 88, 96. ಸರ್ವಿಸ್ ಮಾಡಿದವನು ತನ್ನ ಗುರುತು ಗೀರಿ ಇಡುವುದು ಈ ಕಸುಬಿನ ಹಳೆ ಪದ್ಧತಿಯಂತೆ. ಅಜ್ಜ ಏಳೆಂಟು ವರ್ಷಕ್ಕೊಮ್ಮೆ ವಾಚು ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸಿದ್ದರು. ಗಾಜು ಬದಲಾಗಿದೆ ಎಂದರು ಮುದುಕರು. ಕೀ ತಿರುಪೂ ಎಚ್.ಎಂ.ಟಿ.ಯದ್ದಲ್ಲ. ಡಯಲ್ ಮಾತ್ರ ಮುಟ್ಟಿಲ್ಲ.

ಅಕ್ಕನಿಗೆ ಇದನ್ನು ಹೇಳಿದಾಗ ಅವಳೊಂದು ಒಳ್ಳೆ ಪ್ರಶ್ನೆ ಎಸೆದಳು: "ಡಯಲ್ ಬೇಡ ಅಂತ ಬಿಟ್ಟರೋ, ದುಡ್ಡಿಲ್ಲ ಅಂತ ಬಿಟ್ಟರೋ?" ಉತ್ತರ ಕೊಡಬೇಕಾದವರು ಈಗಿಲ್ಲ. ದುಡ್ಡಿಲ್ಲದೆಯೇ ಬಿಟ್ಟಿರಬಹುದು. ಹಾಗಿದ್ದರೆ ಮಗಳ ಮದುವೆಗೆ, ತಮ್ಮನ ಫೀಸಿಗೆ ಉಳಿಸಿದ ದುಡ್ಡು ಅದು, ಅದಕ್ಕೂ ಆ ಕಲೆಯೇ ಸಾಕ್ಷಿ. ನನ್ನ ಸಂಬಳದಲ್ಲಿ ಅದನ್ನು ಅಳಿಸಿ ಅವರನ್ನು ಉಳ್ಳವರನ್ನಾಗಿ ತೋರಿಸುವ ಹಕ್ಕು ನನಗಿಲ್ಲ.

ಹಾಗಾಗಿ ನನ್ನ ನಿಯಮ ಇಷ್ಟೇ: ಓಡಲು ಬೇಕಾದದ್ದನ್ನು ಬದಲಾಯಿಸಿ, ಚೆಂದ ಕಾಣಲೆಂದು ಏನನ್ನೂ ಬದಲಾಯಿಸಬೇಡಿ. ಸ್ಪ್ರಿಂಗ್ ಹೋಗಿದ್ದರೆ ಹೊಸದು ಹಾಕಿಸಿ. ಗಾಜು ಮಸುಕಾಗಿದ್ದರೆ ಬದಲಿಸಿ, ಅದು ಪ್ಲಾಸ್ಟಿಕ್, ಬದಲಿಸಲೆಂದೇ ಇರುವುದು. ಪಟ್ಟಿಯಂತೂ ಚಪ್ಪಲಿಯ ಹಾಗೆ, ಸವೆದರೆ ಹೊಸದು. ಡಯಲ್, ಮುಳ್ಳು, ಕೇಸು ಇದ್ದ ಹಾಗೆ ಇರಲಿ. ಡಯಲಿನ ಬಣ್ಣ ಸಿಪ್ಪೆಯೆದ್ದು ಪುಡಿ ಯಂತ್ರದೊಳಗೆ ಬೀಳುತ್ತಿದ್ದರೆ ಮಾತು ಬೇರೆ. ಆಗಲೂ ಬಣ್ಣ ಹೊಡೆಸಬೇಡಿ. ಅದೇ ಮಾದರಿಯ ಹಳೆ ಡಯಲ್ ಹುಡುಕಿ ಹಾಕಿಸಿ, ಮೊದಲಿನದನ್ನು ಕಾಗದದಲ್ಲಿ ಸುತ್ತಿ ಕೇಳಿ ಪಡೆಯಿರಿ.

ಇನ್ನೊಂದು ಮಾತು. ಸರ್ವಿಸಿಗೆ ಮುದುಕರು ಕೇಳಿದ್ದು 1,200 ರೂಪಾಯಿ. ಮೂರು ದಿನದ ಕೆಲಸ. ಅಭ್ಯಾಸಬಲದಿಂದ "ಸಾವಿರಕ್ಕೆ ಮಾಡಿ ಕಾಕಾ" ಎಂದುಬಿಟ್ಟೆ. ಅವರು ಚೌಕಾಸಿ ಮಾಡಲಿಲ್ಲ, ವಾಚನ್ನು ಸುಮ್ಮನೆ ನನ್ನ ಕೈಗೆ ವಾಪಸಿಟ್ಟರು. ಮಾಲ್‌ನಲ್ಲಿ ಒಂದು ಊಟಕ್ಕೆ ಅಷ್ಟೇ ತೆತ್ತು ಬರುವ ನಾವು, ಈ ಕಸುಬು ಯಾಕೆ ಉಳಿಯುತ್ತಿಲ್ಲ ಎಂದು ಲೇಖನ ಬರೆಯುತ್ತೇವೆ. ಕ್ಷಮೆ ಕೇಳಿ ಪೂರ್ತಿ ದುಡ್ಡು ಕೊಟ್ಟೆ.

ಈಗ ವಾಚು ನನ್ನ ಕೈಯಲ್ಲಿದೆ. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ, ಬೆಳಿಗ್ಗೆ ಕೀ ಕೊಡುವಾಗ ಸರಿಮಾಡಿಕೊಳ್ಳುತ್ತೇನೆ. ನೀರು ತಡೆಯುವುದಿಲ್ಲ, ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕಟ್ಟುವುದಿಲ್ಲ. ಉಳಿದ ಎಂಟು ತಿಂಗಳು ಅದು ನನ್ನ ಜೊತೆ ಲೋಕಲ್‌ನಲ್ಲಿ ನೇತಾಡುತ್ತದೆ. ಅಕ್ಕ ಈಗಲೂ ಕೊಳಕು ಎನ್ನುತ್ತಾಳೆ. ಆದರೆ ಹೋದ ಸಲ ಬಂದಾಗ ಮುಚ್ಚಳದ ಒಳಗಿನ ಫೋಟೋ ಕೇಳಿ ತೆಗೆದುಕೊಂಡಳು. 96ರ ಕೆಳಗೆ ಈಗ ನಾಲ್ಕನೆಯ ಗೀರು ಇದೆ.